ಹಾಫ್ ಟೈಮ್ ಇರೋದು ಸನ್ಮಾನಕ್ಕಲ್ಲ ಸ್ವಾಮೀ!

ಮೊದಲೇ ಹೇಳಿಬಿಡುತ್ತೇನೆ, ಇದು ಜಗಳದ ಬರಹ. ಕಬಡ್ಡಿ ಪಂದ್ಯಾಟ ನಡೆಸುವವರು, ಟೀಮಿನ ಮ್ಯಾನೇಜರುಗಳು, ಮಧ್ಯಂತರದಲ್ಲಿ ಮ್ಯಾಟ್ ಮೇಲೆ ಬಂದು ಶಾಲು ಹೊದೆಸಿಕೊಳ್ಳುವ ಗಣ್ಯರು... ಯಾರಿಗಾದರೂ ಬೇಜಾರಾದರೆ ಆಗಲಿ. ಎಷ್ಟೋ ಸೀಸನ್ನಿನಿಂದ ನೋಡಿ ನೋಡಿ ಸಾಕಾಗಿದೆ.

ನಮ್ಮ ಕಿರಿಮಂಜೇಶ್ವರ, ನಾಗೂರು, ಕಂಬದಕೋಣೆ, ಉಪ್ಪುಂದ, ಬೈಂದೂರು ಕಡೆ ಮಳೆ ನಿಂತು ಗದ್ದೆ ಕೊಯ್ಲು ಮುಗಿದ ಮೇಲೆ ಹೊನಲು ಬೆಳಕಿನ ಪಂದ್ಯಾಟಗಳ ಸುಗ್ಗಿ. ವಾಲಿಬಾಲ್, ಟೆನ್ನಿಸ್ ಬಾಲ್ ಕ್ರಿಕೆಟ್, ಮತ್ತೆ ಕಬಡ್ಡಿ. "60 ಕೆ.ಜಿ. ವಿಭಾಗದ ಮ್ಯಾಟ್ ಕಬಡ್ಡಿ" ಅಂತ ಹೆದ್ದಾರಿ ಉದ್ದಕ್ಕೂ ಫ್ಲೆಕ್ಸು. ಒಳ್ಳೆಯದೇ. ನಾನೂ ರಾತ್ರಿಯೆಲ್ಲ ಕೂತು ನೋಡುವವನೇ. ನನ್ನ ತಕರಾರು ಇರುವುದು ಆ ಐದು ನಿಮಿಷದ ಬಗ್ಗೆ ಮಾತ್ರ.

ಮೊದಲಾರ್ಧ ಮುಗಿಯುತ್ತದೆ. ಆಡಿದ ಏಳು ಜನ ಬಂದು ಕೂರುತ್ತಾರೆ. ಹೊರಗಿದ್ದ ಐದು ಜನ ಬದಲಿ ಆಟಗಾರರು (ನಮ್ಮ ಭಾಷೆಯಲ್ಲಿ "ಎಕ್ಸ್‌ಟ್ರಾ"ಗಳು) ಏನು ಮಾಡುತ್ತಾರೆ ನೋಡಿದ್ದೀರಾ? ಒಬ್ಬ ನೀರಿನ ಬಾಟಲಿ ಹಂಚುತ್ತಾನೆ. ಒಬ್ಬ ಟವೆಲ್ ಬೀಸುತ್ತಾನೆ. ಒಬ್ಬ ಕ್ಯಾಪ್ಟನ್ನನ ಮೀನಖಂಡ ತಿಕ್ಕುತ್ತಾನೆ. ಇನ್ನೊಬ್ಬನ ಕೈಯಲ್ಲಿ ಏಳೂ ಜನರ ಮೊಬೈಲು. ಐದನೆಯವನು ವಿಡಿಯೋ ಮಾಡುತ್ತಾನೆ. ಅಷ್ಟರಲ್ಲಿ ಮೈಕಿನಲ್ಲಿ, "ಈ ಶುಭ ಸಂದರ್ಭದಲ್ಲಿ ನಮ್ಮೊಂದಿಗಿರುವ ಕೊಡುಗೈ ದಾನಿಗಳು, ಸಮಾಜ ಸೇವಕರು..." ಶುರು! ಮ್ಯಾಟ್ ಮೇಲೆ ಕುರ್ಚಿ ಬರುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಎರಡೂ ತಂಡದವರು ಹಿಂದೆ ಸಾಲಾಗಿ ನಿಂತು ಫೋಟೋ. ಆಮೇಲೆ ಸನ್ಮಾನಿತರ "ಎರಡು ಮಾತು". ಐದು ನಿಮಿಷ ಹೋಗಿ ಹದಿನೈದಾಗುತ್ತದೆ.

ಆಮೇಲೆ ಸೀಟಿ. ಮ್ಯಾನೇಜರ್ ತಿರುಗಿ ನೋಡಿ, "ಹ್ವಾಯ್, ನೀನ್ ಇಳಿ ಮಾರಾಯ" ಅನ್ನುತ್ತಾರೆ. ಎರಡು ಗಂಟೆಯಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹುಡುಗ ಟ್ರ್ಯಾಕ್ ಪ್ಯಾಂಟ್ ಕಳಚಿ, ಮ್ಯಾಟ್ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಹೋಗುತ್ತಾನೆ. ಮೂರನೇ ರೈಡೇ ಅವನದ್ದು. ಡೂ ಆರ್ ಡೈ. ಮೂವತ್ತು ಸೆಕೆಂಡಿನೊಳಗೆ ಪಾಯಿಂಟ್ ತರಬೇಕು, ಇಲ್ಲದಿದ್ದರೆ ಔಟ್. ಎದುರು ಈಗಾಗಲೇ ಒಂದು ಅರ್ಧ ಆಡಿ ಪಳಗಿದ ಏಳು ಜನ. ಇವನ ತೊಡೆ ಮಾತ್ರ ಕಲ್ಲು!

"ಹದಿನೈದು ನಿಮಿಷ ಸಿಕ್ಕಿತಲ್ಲ, ಅಷ್ಟು ಹೊತ್ತು ಓಡಾಡಿಕೊಳ್ಳಲಿ" ಅನ್ನಬಹುದು ನೀವು. ಎಲ್ಲಿ ಓಡಾಡುವುದು? ಮ್ಯಾಟ್ ಮೇಲೆ ಗಣ್ಯರು. ಬದಿಯಲ್ಲಿ ಪ್ರೇಕ್ಷಕರ ಕುರ್ಚಿ. ಹಿಂದೆ ಜನರೇಟರ್, ವಯರು, ಚರುಮುರಿ ಗಾಡಿ. ಅದಕ್ಕಿಂತ ದೊಡ್ಡ ಸಮಸ್ಯೆ ಅಂದರೆ ಆಟ ಮತ್ತೆ ಯಾವಾಗ ಶುರುವಾಗುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಭಾಷಣ ನಿಲ್ಲುವ ಹೊತ್ತಿಗೆ ಸರಿಯಾಗಿ ಮೈ ಕಾಯಿಸಿಕೊಂಡು ತಯಾರಾಗಲು ಹುಡುಗನಿಗೆ ಜ್ಯೋತಿಷ್ಯ ಗೊತ್ತಿರಬೇಕು!

ಕಾಲ್ಚೆಂಡಿನವರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ಅಲ್ಲಿ ಮಧ್ಯಂತರ ಹದಿನೈದು ನಿಮಿಷ. ಬದಲಿ ಆಟಗಾರರ ಸಂಖ್ಯೆಯನ್ನು 2020ರಲ್ಲಿ ಕೋವಿಡ್ ಕಾರಣಕ್ಕೆ ಮೂರರಿಂದ ಐದಕ್ಕೆ ಏರಿಸಿದರು, 2022ರಲ್ಲಿ ಅದನ್ನೇ ಕಾಯಂ ಮಾಡಿದರು. ಆದರೆ ಆ ಐದು ಜನರನ್ನು ಇಳಿಸಲು ಆಟದ ನಡುವೆ ಒಂದು ತಂಡಕ್ಕೆ ಇರುವುದು ಮೂರೇ ಅವಕಾಶ. ಹಾಫ್ ಟೈಮಿನಲ್ಲಿ ಮಾಡುವ ಬದಲಾವಣೆ ಈ ಮೂರರ ಲೆಕ್ಕಕ್ಕೆ ಬರುವುದಿಲ್ಲ, ಪೂರ್ತಿ ಫ್ರೀ! ಅಂದರೆ ಹೊಸಬನನ್ನು ಇಳಿಸುವುದಾದರೆ ಇದೇ ಒಳ್ಳೆಯ ಹೊತ್ತು ಅಂತ ನಿಯಮವೇ ಹೇಳಿದ ಹಾಗಾಯಿತು.

ಇಳಿದವನು ತಯಾರಾಗಿದ್ದರೆ ಏನಾಗುತ್ತದೆ? 2022ರ ವಿಶ್ವಕಪ್ಪಿನ ಜಪಾನ್-ಸ್ಪೇನ್ ಪಂದ್ಯ ನೋಡಿದವರಿಗೆ ನೆನಪಿರಬಹುದು. ನಮಗದು ನಡುರಾತ್ರಿ. ಮಧ್ಯಂತರಕ್ಕೆ ಸ್ಪೇನ್ 1-0 ಮುಂದೆ. ಜಪಾನ್ ಕೋಚು ಹಾಫ್ ಟೈಮಿನಲ್ಲಿ ದೋಆನ್, ಮಿತೋಮ ಇಬ್ಬರನ್ನು ಇಳಿಸಿದರು. 48ನೇ ನಿಮಿಷಕ್ಕೆ ದೋಆನ್ ಗೋಲು. 51ನೇ ನಿಮಿಷಕ್ಕೆ ಇನ್ನೇನು ಗೆರೆ ದಾಟಿತು ಎನ್ನುವ ಚೆಂಡಿಗೆ ಮಿತೋಮ ಕಾಲು ಚಾಚಿ ಒಳಗೆ ತಳ್ಳಿದ, ತನಾಕ ಗೋಲು ಹೊಡೆದ. 2-1, ಅಲ್ಲಿಗೆ ಮುಗಿಯಿತು. ಇಳಿದು ಮೂರು ನಿಮಿಷಕ್ಕೆ ಅಂಥ ಹೊಡೆತ ಹೊಡೆಯಬೇಕಾದರೆ ಕಾಲು ಮೊದಲೇ ಎಚ್ಚರವಾಗಿರಬೇಕು. ಮೂರು ನಿಮಿಷ ಆಡುತ್ತ ಆಡುತ್ತ ಎಚ್ಚರವಾಗುತ್ತದೆ ಅಂತ ಕಾಯಲು ಬಿಡುವೇ ಇಲ್ಲ.

(ಹಾಗಂತ ಅವರೆಲ್ಲ ದೇವರಲ್ಲ. ದೊಡ್ಡ ದೊಡ್ಡ ಕ್ಲಬ್ಬುಗಳ ಬದಲಿ ಆಟಗಾರರೂ ಹಾಫ್ ಟೈಮಿನಲ್ಲಿ ಮೈದಾನಕ್ಕೆ ಬಂದು, ವೃತ್ತ ಕಟ್ಟಿ, ನಡುವೆ ಇಬ್ಬರನ್ನು ನಿಲ್ಲಿಸಿ ಚೆಂಡು ತಳ್ಳಾಡುತ್ತ ನಗುತ್ತಿರುತ್ತಾರೆ. ಅದು ಆಟ, ವಾರ್ಮ್ ಅಪ್ ಅಲ್ಲ. ಮೈ ಬೆವರುವುದೂ ಇಲ್ಲ.)

ಡೆನ್ಮಾರ್ಕಿನ ಸಂಶೋಧಕರು ಇದನ್ನು ಅಳೆದೇ ನೋಡಿದ್ದಾರೆ. 2004ರಲ್ಲಿ ಪ್ರಕಟವಾದ ಅಧ್ಯಯನ. ಫುಟ್‌ಬಾಲ್ ಪಂದ್ಯದ ಮಧ್ಯಂತರದಲ್ಲಿ ಆಟಗಾರರ ತೊಡೆಯ ಸ್ನಾಯುವಿನ ಬಿಸಿ ಅಳೆದರು. ಸುಮ್ಮನೆ ಕೂತವರ ಸ್ನಾಯು ಸುಮಾರು 2 ಡಿಗ್ರಿ ತಣ್ಣಗಾಗಿತ್ತು, ಅವರ ಓಟ ಶೇ. 2.4ರಷ್ಟು ನಿಧಾನವಾಗಿತ್ತು. ಮಧ್ಯಂತರದ ಕೊನೆಯ ಏಳು ನಿಮಿಷ ಹದವಾಗಿ ಓಡಿ ಮೈ ಕಾಯಿಸಿಕೊಂಡವರ ವೇಗ ಕುಗ್ಗಿರಲಿಲ್ಲ. ನೆನಪಿಡಿ, ಅವರು ಅದಾಗಲೇ 45 ನಿಮಿಷ ಆಡಿ ಬಂದವರು. ಅಂಥವರ ಕಾಲೇ ಕಾಲು ಗಂಟೆಯಲ್ಲಿ ತಣ್ಣಗಾಗುತ್ತದೆ ಅಂದರೆ ಸಂಜೆಯಿಂದ ಕುರ್ಚಿಯಲ್ಲಿ ಕೂತ ನಮ್ಮ ಹುಡುಗನ ಕತೆ ಏನು?

"2.4 ಅಂದ್ರೆ ಎಷ್ಟ್ ಮಹಾ" ಅಂತೀರಾ? ನಮ್ಮ ಕಬಡ್ಡಿ ಅಂಕಣ 13 ಮೀಟರ್ ಉದ್ದ, ಅರ್ಧ ಅಂದರೆ ಆರೂವರೆ. ಆರೂವರೆ ಮೀಟರಿಗೆ ಶೇ. 2.4 ಅಂದರೆ ಅರ್ಧ ಅಡಿ. ರೈಡರ್ ಕೈ ಚಾಚಿ ನಡುಗೆರೆ ಮುಟ್ಟುವುದಕ್ಕೂ, ಗೆರೆಯ ಈಚೆಗೆ ಮಣ್ಣು ಮುಕ್ಕುವುದಕ್ಕೂ ಇರುವ ಅಂತರ ಇದೇ ಅರ್ಧ ಅಡಿ. ಎಷ್ಟು ಫೈನಲ್ಲುಗಳು ಅಲ್ಲೇ ಹೋಗಿವೆ ಹೇಳಿ!

ಕಬಡ್ಡಿ ನಿಯಮವೂ ಮಧ್ಯಂತರವನ್ನು ಬದಲಿ ಆಟಗಾರನಿಗೆಂದೇ ಇಟ್ಟ ಹಾಗಿದೆ. ಏಳು ಜನ ಒಳಗೆ, ಹೊರಗೆ ಐದು. ಇವರನ್ನು ಇಳಿಸುವುದು ಟೈಮ್ ಔಟಿನಲ್ಲಿ, ಇಲ್ಲವೇ ಮಧ್ಯಂತರದಲ್ಲಿ, ರೆಫ್ರಿಯ ಅನುಮತಿ ತೆಗೆದುಕೊಂಡು. ಟೈಮ್ ಔಟ್ ಅಂದರೆ ಮೂವತ್ತು ಸೆಕೆಂಡು. ಅಷ್ಟರಲ್ಲಿ ನೀರು ಕುಡಿಯಬಹುದು, ಬೈಸಿಕೊಳ್ಳಬಹುದು, ಅಷ್ಟೇ. ಉಳಿದದ್ದು ಈ ಐದು ನಿಮಿಷ. ಅದನ್ನೂ ಕಿತ್ತುಕೊಂಡು ಹಣ್ಣಿನ ಬುಟ್ಟಿಗೆ ಕೊಟ್ಟಿದ್ದೇವೆ.

ನಾನು ನೋಡಿದ ಒಂದು ಪಂದ್ಯ ಹೇಳುತ್ತೇನೆ. ಊರು, ಸಂಘ ಯಾವುದೂ ಬೇಡ. ಸೆಮಿಫೈನಲ್, ರಾತ್ರಿ ಎರಡು ದಾಟಿತ್ತು. ಮಧ್ಯಂತರದಲ್ಲಿ ಇಬ್ಬರಿಗೆ ಸನ್ಮಾನ. ಆಮೇಲೆ ಇಳಿದ ಹುಡುಗನಿಗೆ ಇಪ್ಪತ್ತೂ ತುಂಬಿರಲಿಕ್ಕಿಲ್ಲ. ಹಗಲು ದೋಣಿಗೆ ಹೋಗುವವನು. ಎರಡನೇ ರೈಡಿನಲ್ಲಿ ಬೋನಸ್ ಗೆರೆ ತುಳಿದು ತಿರುಗುವಾಗ ಯಾರೂ ಮುಟ್ಟದೆಯೇ ಮೊಣಕಾಲು ಹಿಡಿದು ಕುಸಿದ. ಲಿಗಮೆಂಟ್ ಹರಿದಿತ್ತು. ಒಂದಿಡೀ ಮೀನುಗಾರಿಕೆ ಸೀಸನ್ ಮನೆಯಲ್ಲಿ. ದೋಣಿಯಲ್ಲಿ ನಿಲ್ಲಲಾಗದವನಿಗೆ ಪಾಲು ಎಲ್ಲಿಯದು? ಸಂಘದವರು ಒಂದಿಷ್ಟು ಒಟ್ಟು ಮಾಡಿ ಕೊಟ್ಟರು, ಆಪರೇಷನ್ನಿಗೆ ಅದು ಯಾವ ಮೂಲೆಗೂ ಸಾಲಲಿಲ್ಲ. ಮೈ ಬಿಸಿ ಮಾಡಿಕೊಂಡಿದ್ದರೆ ಅವನ ಕಾಲು ಉಳಿಯುತ್ತಿತ್ತು ಅಂತ ಬರೆದುಕೊಡಲು ನಾನು ಡಾಕ್ಟರಲ್ಲ. ಬಿಸಿ ಮಾಡಿಕೊಂಡವರಿಗೂ ಪೆಟ್ಟಾಗುತ್ತದೆ. ಆದರೆ ಅವನಿಗೆ ಇದ್ದ ಒಂದೇ ಒಂದು ಅವಕಾಶವನ್ನು ನಾವು ಫೋಟೋ ತೆಗೆಸಿಕೊಳ್ಳುತ್ತ ಕಳೆದೆವು. ಸಾಲಿನಲ್ಲಿ ನಿಂತು ಆ ಫೋಟೋಕ್ಕೆ ಅವನೂ ನಕ್ಕಿದ್ದ.

ಈ ಮಾತು ಎತ್ತಿದಾಗೆಲ್ಲ ಹಿರಿಯ ಆಟಗಾರರು ಹೇಳುವುದು ಒಂದೇ. "ನಮ್ ಕಾಲ್ದಗೆ ಇದೆಲ್ಲ ಎಲ್ಲಿತ್ತ್ ಮರಾಯ್ರೆ? ಚಡ್ಡಿ ಬಿಗ್ದ್ ಸೀದಾ ಇಳ್ದದ್ದೇ." ಹೌದಣ್ಣ, ಒಪ್ಪಿದೆ. ಆದರೆ ನಿಮ್ಮ ಕಾಲದಲ್ಲಿ ಬೆಳಗ್ಗಿನಿಂದ ಗದ್ದೆಯಲ್ಲಿ ಗೆಯ್ದು, ಸಂಜೆ ಬೆಳಕಿರುವಾಗ ಮಣ್ಣಿನ ಅಂಕಣದಲ್ಲಿ ಆಡಿದಿರಿ. ಮೈ ದಿನವಿಡೀ ಬಿಸಿಯಾಗಿಯೇ ಇತ್ತು. ಈಗ ಆಟ ನಡುರಾತ್ರಿ ಎರಡಕ್ಕೆ, ಕಾಲು ಕಚ್ಚಿ ಹಿಡಿಯುವ ಮ್ಯಾಟ್ ಮೇಲೆ. ಇನ್ನೂ ಒಂದು ಕೇಳಲಾ, ನಿಮ್ಮ ಜೊತೆ ಆಡಿದವರಲ್ಲಿ ಈಗ ಕುಕ್ಕರಗಾಲಿನಲ್ಲಿ ಕೂರಲು ಆಗುವವರು ಎಷ್ಟು ಜನ?

ಇನ್ನೊಂದು ವಾದ ಸೆಕೆಯದ್ದು. "ಈ ಸೆಕೆಗೆ ಕೂತಲ್ಲೇ ಮೈ ಕುದೀತಿತ್ತ್, ಮತ್ತೆಂತಕ್ ಬಿಸಿ ಮಾಡುದ್?" ಚರ್ಮ ಬೆವರುವುದು ಬೇರೆ, ಸ್ನಾಯು ಬಿಸಿಯಾಗುವುದು ಬೇರೆ. ಸ್ನಾಯು ಬಿಸಿಯಾಗುವುದು ಅದು ಕೆಲಸ ಮಾಡಿದಾಗ. ಅಷ್ಟಕ್ಕೂ ಜನವರಿಯ ನಡುರಾತ್ರಿ ಕಡಲ ಕರೆಯ ಬಯಲಿನಲ್ಲಿ ಇಬ್ಬನಿಗೆ ಕುರ್ಚಿ ಒದ್ದೆಯಾಗಿರುತ್ತದೆ, ನಾವು ತಲೆಗೆ ಟವೆಲ್ ಸುತ್ತಿಕೊಂಡು ಕೂತಿರುತ್ತೇವೆ. ಆವಾಗ ಯಾವ ಸೆಕೆ?

ಯಕ್ಷಗಾನದವರನ್ನು ನೋಡಿ ಬೇಕಾದರೆ. ರಾತ್ರಿ ಎರಡು ಗಂಟೆಗೆ ರಂಗಕ್ಕೆ ಬರಬೇಕಾದ ವೇಷಧಾರಿ ಚೌಕಿಯಲ್ಲಿ ಚಾಪೆ ಬಿಟ್ಟೆದ್ದವನು ಸೀದಾ ಹೋಗಿ ಮಂಡಿ ಹಾಕುತ್ತಾನಾ? ಬಣ್ಣ ಹಚ್ಚಿ, ಕಟ್ಟುವುದನ್ನೆಲ್ಲ ಕಟ್ಟಿ, ಗೆಜ್ಜೆ ಬಿಗಿದು, ಚೌಕಿಯ ಗಣಪತಿಗೆ ಕೈ ಮುಗಿದು, ಚಂಡೆ ಕೇಳುತ್ತ ಪರದೆ ಹಿಂದೆ ನಿಲ್ಲುವ ಹೊತ್ತಿಗೆ ಅವನು ಆಗಲೇ ಪಾತ್ರದೊಳಗೆ ಇರುತ್ತಾನೆ. ಅವನ ಕೈಗೆ ಭಾಗವತರ ಮೊಬೈಲ್ ಕೊಟ್ಟು ನೀರು ತರಲು ಕಳಿಸುವ ಮೇಳ ಯಾವುದಾದರೂ ಇದ್ದರೆ ಹೇಳಿ :-)

ಸರಿ, ಹಾಗಾದರೆ ಆ ಐದು ನಿಮಿಷದಲ್ಲಿ ಏನು ಮಾಡಬೇಕು? ಮೊದಲನೆಯದಾಗಿ, ಐದು ನಿಮಿಷ ಸಾಕಾಗುವುದಿಲ್ಲ. ಹಾಗಾಗಿ ಮೊದಲಾರ್ಧ ಮುಗಿಯಲು ಮೂರ್ನಾಲ್ಕು ನಿಮಿಷ ಇರುವಾಗಲೇ ಯಾರನ್ನು ಇಳಿಸಬೇಕು ಅಂತ ಕೋಚು ತೀರ್ಮಾನಿಸಿ ಎಬ್ಬಿಸಬೇಕು. ಇಳಿಯುವ ಖಾತ್ರಿ ಇಲ್ಲದಿದ್ದರೂ ಎಬ್ಬಿಸಬೇಕು. ಎದ್ದವನು ಟ್ರ್ಯಾಕ್ ಪ್ಯಾಂಟ್ ಬಿಚ್ಚದೆ ನಿಧಾನ ಓಟದಿಂದ ಶುರು ಮಾಡಲಿ. ಮೊಣಕಾಲು ಎತ್ತಿ ಓಟ, ಹಿಮ್ಮಡಿ ಹಿಂದಕ್ಕೆ ತಾಗಿಸಿ ಓಟ, ಆಮೇಲೆ ಅಡ್ಡಡ್ಡ ಹೆಜ್ಜೆ. ನಮ್ಮ ಆಟದಲ್ಲಿ ಮುಂದೆ ಓಡುವುದಕ್ಕಿಂತ ಅಡ್ಡ ಸರಿಯುವುದೇ ಹೆಚ್ಚಲ್ಲವೇ? ಕಾಲನ್ನು ಮುಂದೆ ಇಟ್ಟು ಸೊಂಟ ತಗ್ಗಿಸಿ ಏಳುವುದು, ಎರಡೂ ಕಾಲಿಗೆ ಐದಾರು ಸಲ. ಕಾಲನ್ನು ಬೆಂಚಿನ ಮೇಲಿಟ್ಟು ನಿಮಿಷಗಟ್ಟಲೆ ಎಳೆದು ಹಿಡಿಯುವ ಅಭ್ಯಾಸ ಬಿಡಿ. ಅದರಿಂದ ಆ ಹೊತ್ತಿಗೆ ಸ್ನಾಯುವಿನ ಜೋರು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

ಸೀಟಿ ಬಿದ್ದು ಮಧ್ಯಂತರ ಶುರುವಾದ ಮೇಲೆ ಮೊದಲ ಅರ್ಧ ನಿಮಿಷ ಕೋಚು ಇವನ ಜೊತೆ ಮಾತಾಡಬೇಕು, ಆಡಿ ಬಂದ ಏಳು ಜನರ ಜೊತೆ ಆಮೇಲೆ. ಅವರು ಹೇಗೂ ಏದುಸಿರು ಬಿಡುತ್ತಿರುತ್ತಾರೆ, ಆಗ ಹೇಳಿದ್ದು ತಲೆಗೆ ಹೋಗುವುದಿಲ್ಲ. ನಂತರ ಇವನು ಅಂಕಣಕ್ಕೆ ಹೋಗಿ ನಾಲ್ಕೈದು ಚುರುಕು ಓಟ ಓಡಬೇಕು, ಆರೂವರೆ ಮೀಟರಿನದ್ದು, ಹೋಗಿ ತಿರುಗಿ ಬರುವುದು. ರೈಡರ್ ಆದರೆ ಇನ್ನೊಬ್ಬ ಎಕ್ಸ್‌ಟ್ರಾನ ಎದುರು ಎರಡು ಸುಳ್ಳು ರೈಡು. ಡಿಫೆಂಡರ್ ಆದರೆ ಅದೇ ಹುಡುಗನ ಕಾಲಿಗೆ ನಾಲ್ಕು ಸಲ ಆಂಕಲ್ ಹೋಲ್ಡ್, ಮೆಲ್ಲಗೆ ಶುರು ಮಾಡಿ ಕೊನೆಯದ್ದು ಜೋರಾಗಿ. ಪಕ್ಕದಲ್ಲಿ ನಿಲ್ಲುವವನ ಕೈ ಹಿಡಿದು ಒಮ್ಮೆ ಚೈನ್ ಹಾಕಿ ನೋಡಲಿ, ಬೆವರಿದ ಕೈಯ ಹಿಡಿತ ಒಣ ಕೈಯದ್ದರ ಹಾಗಿರುವುದಿಲ್ಲ. ಸುಸ್ತಾಗುತ್ತದೆ ಅನ್ನುವುದು ಬರೀ ನೆಪ. ಕೊನೆಗೆ ಅರ್ಧ ನಿಮಿಷ ಉಸಿರು ಸುಧಾರಿಸಿಕೊಂಡರೆ ಸಾಕು.

ನೀರು ಕೊಡಲು, ಟವೆಲ್ ಹಿಡಿಯಲು ಸಂಘದಲ್ಲಿ ಬೇರೆ ಜನ ಇಲ್ಲವೇ? ಟೀ ಶರ್ಟ್ ಹಾಕಿಕೊಂಡು ಬೆಂಚಿನ ಹಿಂದೆ ನಿಲ್ಲುವ ಇಪ್ಪತ್ತು ಜನರಲ್ಲಿ ಇಬ್ಬರು ಸಾಕು.

ಇನ್ನು ಸಂಘಟಕರ ವಿಷಯ. ದುಡ್ಡು ಕೊಟ್ಟವರಿಗೆ ಗೌರವ ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ಮ್ಯಾಟ್ ಬಾಡಿಗೆ, ಲೈಟು, ಊಟ, ನಗದು ಬಹುಮಾನ ಎಲ್ಲ ಅವರಿಂದಲೇ ಬರುವುದು. ಆದರೆ ಒಂದು ರಾತ್ರಿಯಲ್ಲಿ ಹತ್ತಿಪ್ಪತ್ತು ಪಂದ್ಯ ಆಡಿಸುತ್ತೀರಿ, ಪ್ರತಿ ಎರಡು ಪಂದ್ಯದ ನಡುವೆ ಅಂಕಣ ಖಾಲಿ ಇರುತ್ತದೆ. ಆಗ ಮಾಡಿ. ಜನ ಓಡಿಹೋಗುತ್ತಾರೆ ಎಂಬ ಭಯಕ್ಕೆ ತಾನೇ ಮಧ್ಯಂತರದಲ್ಲಿ ಇಡುವುದು? ಹಾಗಿದ್ದರೆ ಫೈನಲ್ಲಿಗೆ ಮುಂಚೆ ಇಡಿ, ಒಬ್ಬನೂ ಕದಲುವುದಿಲ್ಲ. ಬೆಂಚಿನ ಹಿಂದೆ ಹತ್ತಡಿ ಅಗಲದ ಜಾಗಕ್ಕೆ ಹಗ್ಗ ಕಟ್ಟಿ ಬಿಡಿ, ಅಲ್ಲಿ ಕುರ್ಚಿ ಹಾಕಬೇಡಿ. ವೀಕ್ಷಕ ವಿವರಣೆಗಾರರು ಮಧ್ಯಂತರದಲ್ಲಿ "ಇನ್ನು ಮೂರು ನಿಮಿಷ, ಇನ್ನು ಎರಡು ನಿಮಿಷ" ಅಂತ ಮೈಕಿನಲ್ಲಿ ಹೇಳುತ್ತಾ ಇರಲಿ. ಸನ್ಮಾನ ಪತ್ರ ಬೇಕಿದ್ದರೆ ಫೈನಲ್ಲಿಗೆ ಮುಂಚೆ ಪೂರ್ತಿ ಓದಿ, ನಾನೂ ಕೂತು ಕೇಳಿ ಚಪ್ಪಾಳೆ ತಟ್ಟುತ್ತೇನೆ.