ಪರನಾಡಿನ ಬೈಕು, ಪರರ ಹೆಸರಿನ ಕಾಗದ

ಕಳೆದ ವಾರ ಹಳೆಯ ಶಿಷ್ಯನೊಬ್ಬ ದೂರವಾಣಿಯಲ್ಲಿ, "ಸಾರ್, ವಿಯೆಟ್ನಾಮಿಗೆ ಹೊರಟಿದ್ದೇನೆ. ಹನೋಯ್‌ನಲ್ಲಿ ಹಳೆಯ ಬೈಕೊಂದನ್ನು ಕೊಂಡು ಹೋಚಿಮಿನ್ ನಗರದವರೆಗೆ ಓಡಿಸಿ, ಅಲ್ಲೇ ಮಾರಿಬಿಡುತ್ತೇನೆ" ಎಂದ. ಸುಮಾರು 1,700 ಕಿ.ಮೀ. ದಾರಿ; ನಡುವೆ ಕಡಲಂಚಿನ ಹಾಯ್ ವಾನ್ ಘಟ್ಟ. ಕೇಳಿ ನನಗೂ ಹುರುಪು ಬಂದಿತು.

ಆದರೆ ಮೇಷ್ಟರ ಚಟ ಬಿಡದು, "ಕಾಗದಪತ್ರ?" ಎಂದೆ. ಪ್ರವಾಸಿಗಳ ನಡುವೆ ಕೈಬದಲಾಗುವ ಬೈಕುಗಳ ನೋಂದಣಿ ಪತ್ರ ಎಷ್ಟೋ ಸಲ ಹಳೆಯ ಒಡೆಯನ ಹೆಸರಿನಲ್ಲೇ ಉಳಿದಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಪರವಾನಗಿಯದು. ಭಾರತ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಮನ್ನಿಸುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬೈಕು ಮಾರುವವನು ಇದನ್ನು ಕೇಳಲಿಕ್ಕಿಲ್ಲ. ಅಪಘಾತವಾದರೆ ವಿಮಾ ಕಂಪನಿ ಕೇಳದೆ ಬಿಡದು.

1991ರಲ್ಲಿ ನಾನೊಂದು ಹಳೆಯ ಸ್ಕೂಟರ್ ಕೊಂಡೆ. ಮಾರಿದವರು 29, 30ನೆಯ ನಮೂನೆಗಳಿಗೆ ಸಹಿ ಹಾಕದೆಯೇ ವರ್ಗವಾಗಿ ಹೋದರು. ಆ ಎರಡು ಸಹಿಗಳಿಗಾಗಿ ಎರಡು ವರ್ಷ ಅಲೆದೆ. ನಮ್ಮೂರಿನಲ್ಲಿ, ನಮ್ಮ ಭಾಷೆಯಲ್ಲಿಯೇ ಈ ಪಾಡಾದರೆ, ನುಡಿ ತಿಳಿಯದ ನಾಡಿನ ಠಾಣೆಯಲ್ಲಿ ಏನು ಗತಿ?

ಸಾಹಸಕ್ಕೆ ನಾನು ವಿರೋಧಿಯಲ್ಲ. ತನ್ನ ಮೈಮೇಲಿನ ಗಾಯವನ್ನು ಸಾಹಸಿ ತಾನೇ ತಾಳಿಕೊಂಡಾನು. ಆದರೆ ಅವನ ಚಕ್ರಕ್ಕೆ ಸಿಕ್ಕ ಅಲ್ಲಿನ ಬಡ ದಾರಿಹೋಕನಿಗೆ ಪರಿಹಾರ ಕೊಡುವವರು ಯಾರು? ಪರವಾನಗಿ ಬೇಕಾಗುವುದು ಅವನಿಗಾಗಿ, ಪೊಲೀಸರಿಗೆ ತೋರಿಸಲಿಕ್ಕಲ್ಲ.

"ಸ್ಥಳೀಯ ಚಾಲಕನ ಹಿಂದೆ ಕುಳಿತು ಹೋಗು, ಇಲ್ಲವೇ ಅದೇ ಕರಾವಳಿಯುದ್ದಕ್ಕೂ ರೈಲಿದೆ" ಎಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, "ಯೋಚಿಸುತ್ತೇನೆ ಸಾರ್. ಅಪ್ಪನಿಗೆ ಮಾತ್ರ ಹೇಳಬೇಡಿ" ಎಂದ.

ಹೆಸರು ಬರೆದಿಲ್ಲ, ಮಾತು ಉಳಿಸಿಕೊಂಡಿದ್ದೇನೆ.