ಕಂಬಳಿಯಲ್ಲಿ ಬಿಸಿ ಇಲ್ಲ, ಗಾಳಿ ಇದೆ

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಕಂಪ್ಲಿ ಕಡೆಯ ಶಾಲೆಯೊಂದರಲ್ಲಿ ಏಳನೆಯ ತರಗತಿಗೆ ಉಷ್ಣದ ಪಾಠ ಮಾಡುತ್ತಿದ್ದೆ. ‘ಉಣ್ಣೆ ನಮಗೆ ಬಿಸಿ ಕೊಡುತ್ತದೆ’ ಎಂದು ಬೋರ್ಡಿನ ಮೇಲೆ ಬರೆದೆ. ಕೊನೆಯ ಬೆಂಚಿನಿಂದ ಕುರಿಗಾಹಿಯೊಬ್ಬರ ಮಗ ಎದ್ದು ನಿಂತ.

“ಸಾರ್, ಬ್ಯಾಸಿಗ್ಯಾಗ ನಮ್ಮಪ್ಪ ತಣ್ಣನ ನೀರಿನ ಕ್ಯಾನಿಗೆ ಒಣ ಕಂಬಳಿ ಸುತ್ತತಾನ್ರಿ. ಮಧ್ಯಾಹ್ನದ ತನಕ ನೀರು ತಣ್ಣಗಿರತಾವು. ಕಂಬಳಿ ಬಿಸಿ ಕೊಟ್ರ ನೀರು ಯಾಕ ಕಾಯಂಗಿಲ್ರಿ?”

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕು ಅವನನ್ನು ಕೂರಿಸಿಬಿಟ್ಟೆ. ರಾತ್ರಿ ಹೊದ್ದು ಮಲಗಿದಾಗ ಹೊಳೆಯಿತು: ತಪ್ಪು ಇದ್ದದ್ದು ನನ್ನ ಬೋರ್ಡಿನ ಮೇಲೆ.

ಕಂಬಳಿ ಒಲೆಯಲ್ಲ. ಒಲೆ ನಮ್ಮ ದೇಹ. ಅದರ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಆ ಶಾಖ ಹೊರಗೆ ಸೋರದಂತೆ ಕಂಬಳಿ ತಡೆಯುತ್ತದೆ, ಅಷ್ಟೇ. ನಿಜವಾಗಿ ತಡೆಯುವುದು ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ನಿಂತ ಗಾಳಿ ಬಹಳ ಸೋಮಾರಿ ಉಷ್ಣವಾಹಕ. ನೀರು ಅದಕ್ಕಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಸಾಗಿಸುತ್ತದೆ. ಆದರೆ ಗಾಳಿ ಅಲುಗಾಡಿದರೆ ಶಾಖವನ್ನು ಹೊತ್ತೊಯ್ಯುತ್ತದೆ. ಉಣ್ಣೆಯ ಕೆಲಸ ಅದನ್ನು ಕಟ್ಟಿಹಾಕುವುದು.

ತಡೆಗೋಡೆಗೆ ಒಳಗು ಹೊರಗು ಎಂಬ ಭೇದವಿಲ್ಲ. ಸಂಡೂರಿನ ಗುಡ್ಡದ ಬುಡದಲ್ಲಿ ಹಟ್ಟಿ ಹಾಕಿದ ಕುರಿಗಾಹಿಗೆ ಜನವರಿಯ ರಾತ್ರಿ ಮೈಯ ಬಿಸಿ ಉಳಿಸುವ ಕಂಬಳಿಯೇ, ಹಂಪಿಯ ಬಂಡೆ ಕಾದು ಕೆಂಡವಾಗುವ ಏಪ್ರಿಲ್‌ನಲ್ಲಿ ಹೊರಗಿನ ಬಿಸಿಯನ್ನು ನೀರಿನಿಂದ ದೂರವಿಡುತ್ತದೆ.

ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿಯ ಗುಟ್ಟೂ ಇದೇ. ಪದರಗಳ ಮಧ್ಯೆ ಗಾಳಿ. ಹತ್ತಿಯ ಗಾದಿ ಒತ್ತಿ ಗಟ್ಟಿಯಾದಾಗ ಪಿಂಜಾರರು ಬಂದು ಬಿಲ್ಲಿನಿಂದ ಅರಳೆ ಹಿಂಜುತ್ತಿದ್ದುದು ನೆನಪಿದೆಯೆ? ಅವರು ತುಂಬುತ್ತಿದ್ದುದು ಹೊಸ ಹತ್ತಿಯನ್ನಲ್ಲ, ಕಳೆದುಹೋದ ಗಾಳಿಯನ್ನು.

ಹಾಗಾದರೆ ರಜಾಯಿಗೆ ಉಣ್ಣೆಯನ್ನೇ ಏಕೆ ತುಂಬಬಾರದು? ಶೀತ ದೇಶಗಳಲ್ಲಿ ತುಂಬುತ್ತಾರೆ. ಉಣ್ಣೆ ತನ್ನ ತೂಕದ ಮೂರನೆಯ ಒಂದರಷ್ಟು ತೇವಾಂಶ ಹೀರಿದರೂ ಕೈಗೆ ಒದ್ದೆ ಎನಿಸದು. ಸುಲಭವಾಗಿ ಬೆಂಕಿಯೂ ಹತ್ತದು. ನಮ್ಮ ಬಳ್ಳಾರಿ ಮತ್ತು ದಖನಿ ತಳಿಯ ಕುರಿಗಳ ಉಣ್ಣೆ ಒರಟು. ಮೆರಿನೋ ಉಣ್ಣೆಯ ಹಾಗೆ ನವಿರಾದ ಸ್ವೆಟರ್ ಆಗದು. ಆದರೆ ಚೆನ್ನಾಗಿ ತೊಳೆದು ಜಿಡ್ಡು ತೆಗೆದು, ಹಿಂಜಿ, ಒತ್ತಾಗಿ ನೇಯ್ದ ಬಟ್ಟೆಯೊಳಗೆ ತುಂಬಿದರೆ ಅದೂ ಗಾಳಿ ಹಿಡಿಯುತ್ತದೆ. ಹುಳು ತಿನ್ನದಂತೆ ಆಗಾಗ ಬಿಸಿಲಿಗೆ ಹಾಕಬೇಕು. ಇಂದು ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆಯನ್ನು ಹೊಲದಲ್ಲೇ ಬಿಟ್ಟು ಹೋಗುವ ಕುರಿಗಾಹಿಗಳಿದ್ದಾರೆ. ನಾವು ಮಾತ್ರ ಹೊಸಪೇಟೆಯ ಅಂಗಡಿಯಿಂದ ಪಾಲಿಯೆಸ್ಟರ್ ರಜಾಯಿ ಹೊತ್ತು ತರುತ್ತೇವೆ.

ಮಕ್ಕಳೇ, ನೀವೇ ಪರೀಕ್ಷಿಸಿ. ಒಂದೇ ಅಳತೆಯ ಎರಡು ಬಟ್ಟಲಲ್ಲಿ ಒಂದೊಂದು ಮಂಜುಗಡ್ಡೆ ಇಡಿ. ಒಂದು ಬಟ್ಟಲಿಗೆ ಒಣ ಕಂಬಳಿಯನ್ನು ಸುತ್ತಲೂ ಸುತ್ತಿ. ಇನ್ನೊಂದನ್ನು ಹಾಗೇ ಬಿಡಿ. ಯಾವುದು ಮೊದಲು ಕರಗುತ್ತದೆ ಎಂದು ಮನೆಯವರನ್ನು ಮೊದಲೇ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ. ಆಮೇಲೆ ಬಿಚ್ಚಿ ನೋಡಿ.

ಮರುದಿನ ನಾನು ಮಾಡಿದ್ದೂ ಇದನ್ನೇ. ಆ ಹುಡುಗ ಅಪ್ಪನ ಕಂಬಳಿ ತಂದ, ನಾನು ಎರಡು ಐಸ್ ಕ್ಯಾಂಡಿ ತರಿಸಿದೆ. ಪಿರಿಯಡ್ ಮುಗಿಯುವಷ್ಟರಲ್ಲಿ ಬಯಲಿಗಿಟ್ಟದ್ದು ಬಣ್ಣದ ನೀರು. ಕಂಬಳಿಯೊಳಗಿನದು ಇನ್ನೂ ಗಟ್ಟಿ. ಬೋರ್ಡಿನ ಮೇಲಿನ ವಾಕ್ಯವನ್ನು ಅಳಿಸಿ, ಸರಿಯಾದುದನ್ನು ಅವನ ಕೈಯಲ್ಲೇ ಬರೆಸಿದೆ. ಉಳಿದ ಕ್ಯಾಂಡಿಯನ್ನೂ ಅವನಿಗೇ ಕೊಟ್ಟೆ.

ತಂದೆತಾಯಂದಿರಲ್ಲಿ ಒಂದು ಮಾತು. ಮಗು ಎದುರು ಪ್ರಶ್ನೆ ಕೇಳಿದರೆ ನನ್ನಂತೆ ನಕ್ಕು ಕೂರಿಸಬೇಡಿ. ಅದು ಪುಸ್ತಕದಲ್ಲಿಲ್ಲದ್ದನ್ನು ಕಣ್ಣಾರೆ ಕಂಡಿರಬಹುದು.