ಗಂಜಿನಲ್ಲಿ ಅಂಬಲಿ ಗಡಿಗೆ ಇಡಿ
ರಾಯಚೂರಿನ ಬಿಸಿಲು ಏಪ್ರಿಲ್‌ನಲ್ಲೇ 40 ಡಿಗ್ರಿ ದಾಟುತ್ತದೆ. ಗಂಜಿನ ಹಮಾಲರಿಗೆ ಆಗಲೂ ಚೀಲ ಹೊರುವುದು ತಪ್ಪಿದ್ದಲ್ಲ. ಬಾಯಾರಿದರೆ ಯಾವ ನೀರಿನದೋ ಗೊತ್ತಿಲ್ಲದ ಐಸು ಹಾಕಿದ ಶರಬತ್ತು, ಹಸಿದರೆ ಮಿರ್ಚಿ ಭಜಿ!

ಬೆವರಿನಲ್ಲಿ ಹೋಗುವುದು ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಎರಡನ್ನೂ ತುಂಬಿಕೊಡುವ ಊಟ ಈ ಸೀಮೆಯ ಅವ್ವಂದಿರಿಗೆ ಗೊತ್ತೇ ಇದೆ. ರಾತ್ರಿ ನೆನೆಸಿದ ಜೋಳದ ಹಿಟ್ಟನ್ನು ಬೆಳಿಗ್ಗೆ ಕುದಿಸಿ, ಆರಿಸಿ, ಮಜ್ಜಿಗೆ-ಉಪ್ಪು ಕಲಸಿದರೆ ಅಂಬಲಿ. ಕಡಿದುಕೊಳ್ಳಲು ಹಸಿ ಉಳ್ಳಾಗಡ್ಡಿ. ಫ್ರಿಜ್ ಬೇಡ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆ ಸಾಕು.

ದಲಾಲಿ ಅಂಗಡಿಯವರೇ, ಮಾರುಕಟ್ಟೆ ಸಮಿತಿಯವರೇ, ಮಳೆ ಬೀಳುವ ತನಕ ನೆರಳಲ್ಲಿ ಒಂದೊಂದು ಗಡಿಗೆ ಅಂಬಲಿ ಇಟ್ಟರೆ ನಿಮ್ಮ ಗಂಟೇನು ಹೋದೀತು? ಹಮಾಲ ನೆಲಕ್ಕೆ ಬಿದ್ದ ಮೇಲೆ ಸಲಾಯಿನ್ ಹಚ್ಚಿಸಲು ಓಡುವುದಕ್ಕಿಂತ ಇದು ಅಗ್ಗ.